ನಮ್ಮ ಮನೆಗೆ ಕರೆಂಟು ತಡವಾಗಿ ಬಂದದ್ದು

ಸಂಜೆ ಆರೂವರೆಯಾದರೂ ನಾನು ಸ್ವಿಚ್ಚು ಒತ್ತುವುದಿಲ್ಲ. ಕಿಟಕಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಾಣುವವರೆಗೂ ಓದುತ್ತ ಕೂರುತ್ತೇನೆ. ಮಗಳು ಇದನ್ನು ಜಿಪುಣತನ ಎನ್ನುತ್ತಾಳೆ. ಅಳಿಯನಿಗೆ ನನ್ನ ಮೇಲೆ ಸ್ವಲ್ಪ ಭಯ ಇರುವುದರಿಂದ ಅವನು "ಹಳೆಯ ಕಾಲದ ಅಭ್ಯಾಸ" ಎನ್ನುತ್ತಾನೆ. ಎರಡೂ ಅಲ್ಲ. ಕರೆಂಟಿಗೂ ನನಗೂ ಒಂದು ಹಳೆಯ ಜಗಳ ಉಂಟು. ಅದರಲ್ಲಿ ಗೆದ್ದವಳು ನಾನು. ಗೆದ್ದವರು ಒಂದಿಷ್ಟು ಗತ್ತು ತೋರಿಸದಿದ್ದರೆ ಹೇಗೆ?

ಅರುವತ್ತರ ದಶಕದ ಮೊದಲ ವರ್ಷಗಳು. ಮಾಣಿ ಪೇಟೆಗೆ ಕರೆಂಟು ಬಂದಾಗ ರಸ್ತೆಯ ಎರಡು ಬದಿಯ ಮನೆ ಅಂಗಡಿಗಳೆಲ್ಲ ಒಂದೇ ಸಂಜೆ ಬೆಳಗಿದವು. ನಮ್ಮದೊಂದು ಬಿಟ್ಟು. ನಮಗೆ ಬಂದದ್ದು ಐದು ತಿಂಗಳ ನಂತರ. ಕಾರಣ ನಾನು. "ತಪ್ಪಾಯಿತು ಅಂತ ಹೇಳಿಬಿಡು" ಎಂದು ಆಗ ಎಷ್ಟೋ ಜನ ಬುದ್ಧಿ ಹೇಳಿದರು. ಅಂದು ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ. ಏನಾಯಿತು ಎಂದು ಮಾತ್ರ ಹೇಳುತ್ತೇನೆ.

ಅಪ್ಪಯ್ಯನದು ಮಾಣಿಯಲ್ಲಿ ಚಾ ತಿಂಡಿಯ ಹೊಟೇಲು. ಹೊಟೇಲು ಎಂದರೆ ದೊಡ್ಡದೇನೂ ಅಲ್ಲ. ಎದೆಮಟ್ಟದ ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಮಾಡು, ಆರು ಬೆಂಚು. ಮಂಗಳೂರು ಕಡೆಯಿಂದಲೂ ಪುತ್ತೂರು ಕಡೆಯಿಂದಲೂ ಬಂದ ಬಸ್ಸುಗಳು ಅಲ್ಲಿ ನಿಂತು ಉಸಿರು ಬಿಡುತ್ತಿದ್ದವು, ಜನ ಇಳಿದು ಗೋಳಿಬಜೆ ತಿನ್ನುತ್ತಿದ್ದರು. ಹೊಟೇಲಿನ ಹಿಂದೆ ಹತ್ತು ಹೆಜ್ಜೆ ಅಂಗಳ, ಅದು ದಾಟಿದರೆ ನಮ್ಮ ಮನೆ. ಊರಿನವರೆಲ್ಲ ಸುಲಭಕ್ಕೆ ಸಿಗುವ ಮುರಕಲ್ಲಿನಲ್ಲಿ ಮನೆ ಕಟ್ಟಿದರೆ ನಮ್ಮ ಅಜ್ಜ ಹಟಕ್ಕೆ ಬಿದ್ದು ಗಟ್ಟಿ ಕರಿಗಲ್ಲು ತರಿಸಿ ಕಟ್ಟಿಸಿದ್ದರಂತೆ. ಹಟ ನಮ್ಮಲ್ಲಿ ಪಿತ್ರಾರ್ಜಿತ. ನನ್ನನ್ನು ಬೈಯುವವರು ಅಲ್ಲಿಂದಲೇ ಶುರುಮಾಡಬೇಕು.

ಆ ಕರಿಗಲ್ಲಿನ ಗೋಡೆಯಲ್ಲಿ, ಮಾಡಿನ ಇಳಿಜಾರಿನ ಸ್ವಲ್ಪ ಕೆಳಗೆ, ಒಂದು ತೂತು ಇತ್ತು. ಗೋಡೆ ಕಟ್ಟುವಾಗ ಮೇಸ್ತ್ರಿ ನಿಲ್ಲುವುದಕ್ಕೆ ಅಡ್ಡಕೋಲು ಊರಿದ ಜಾಗ. ಕೋಲು ತೆಗೆದ ಮೇಲೆ ಮುಚ್ಚಲು ಮರೆತಿರಬೇಕು. ನನಗೆ ಹದಿನಾಲ್ಕು ತುಂಬಿದ ಆ ಬೇಸಗೆಯಲ್ಲಿ ಆ ತೂತಿಗೆ ಒಂದು ಜೋಡಿ ಹಕ್ಕಿ ಬಂದು ಸೇರಿಕೊಂಡಿತು.

ಮಡಿವಾಳ ಹಕ್ಕಿ ಎಂಬ ಹೆಸರು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ಆಗ ನಾನು ಗಂಡನ್ನು ವಕೀಲ ಎಂದು ಕರೆಯುತ್ತಿದ್ದೆ. ಕಪ್ಪು ಕೋಟು, ಬಿಳಿ ಅಂಗಿ, ಬಾಲ ಎತ್ತಿ ಎತ್ತಿ ವಾದ. ಹೆಣ್ಣು ಅಷ್ಟು ಠೀವಿಯದಲ್ಲ, ಬೂದು ಬಣ್ಣ, ಮಾತು ಕಡಿಮೆ, ಕೆಲಸ ಜಾಸ್ತಿ. ನಮ್ಮ ಅಮ್ಮನ ಹಾಗೆ. ಕರೆಂಟಿನವರು ಹೊಸದಾಗಿ ನೆಟ್ಟ ಕಂಬಕ್ಕೆ ಇನ್ನೂ ತಂತಿ ಎಳೆದಿರಲಿಲ್ಲ. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ವಕೀಲ ಆ ಕಂಬದ ತುದಿಯಲ್ಲಿ ಕೂತು ಹಾಡುತ್ತಿತ್ತು. ಎಂಥ ಹಾಡು! ಒಂದು ಸಾಲು ಹಾಡಿ, ಸ್ವಲ್ಪ ನಿಲ್ಲಿಸಿ, ಅದೇ ಸಾಲನ್ನು ತಿದ್ದಿ ಇನ್ನೊಂದು ಬಗೆಯಲ್ಲಿ ಹಾಡುವುದು. ಮೊದಲ ಬಸ್ಸಿನ ಡ್ರೈವರು ಒಮ್ಮೆ ಚಾದ ಗ್ಲಾಸು ಹಿಡಿದು ಕಂಬದ ಬುಡದಲ್ಲಿ ನಿಂತದ್ದನ್ನು, ಚಾ ತಣಿದದ್ದು ಅವನಿಗೆ ಗೊತ್ತೇ ಆಗದ್ದನ್ನು ನಾನು ಕಂಡಿದ್ದೇನೆ.

ನೋಡುವುದಕ್ಕೆ ನನಗೆ ಒಳ್ಳೆಯ ಜಾಗ ಸಿಕ್ಕಿತ್ತು. ರಜೆಯಲ್ಲಿ ಹೊಟೇಲಿನ ಹಿಂದಿನ ಜಗಲಿಯಲ್ಲಿ ಕೂತು ದೋಸೆಗೆ, ಇಡ್ಲಿಗೆ ಹಿಟ್ಟು ಕಡೆಯುವುದು ನನ್ನ ಪಾಲಿನ ಕೆಲಸ. ಕಡೆಯುವ ಕಲ್ಲಿನ ಎದುರು ಕೂತರೆ ನೇರ ಮುಂದೆ ಆ ಗೋಡೆ, ಆ ತೂತು. ಎದ್ದು ಹತ್ತಿರ ಹೋಗುವ ಅಗತ್ಯವೇ ಇರಲಿಲ್ಲ. ಹೋಗಲೂ ಇಲ್ಲ. ಅದಕ್ಕೊಂದು ಕಾರಣ ಉಂಟು. ನಾಚಿಕೆಯಾದರೂ ಹೇಳಬೇಕು.

ಎಂಟು ವರ್ಷದವಳಿದ್ದಾಗ ಬಾವಿಕಟ್ಟೆಯ ಹತ್ತಿರದ ದಾಸವಾಳದ ಗಿಡದಲ್ಲಿ ಪಿಕಳಾರದ ಗೂಡು ಕಂಡಿದ್ದೆ. ಬಟ್ಟಲಿನಷ್ಟು ಗೂಡು, ಮೂರು ಮೊಟ್ಟೆ. ನನಗೆ ಖುಷಿ ತಡೆಯಲಾಗಲಿಲ್ಲ. ಶಾಲೆಯ ಗೆಳತಿಯರನ್ನು ಕರೆತಂದು ತೋರಿಸಿದೆ, ಒಬ್ಬೊಬ್ಬರಾಗಿ ಬಗ್ಗಿ ನೋಡಲು ಕೊಂಬೆ ಹಿಡಿದುಕೊಂಡೆ. ಒಂದು ದಿನ ಮಳೆ ಹನಿಯಿತು. ಮೊಟ್ಟೆಗೆ ಚಳಿಯಾದೀತು ಎಂದು ಅಮ್ಮನ ಬತ್ತಿ ಮಾಡುವ ಹತ್ತಿ ಕದ್ದು ಹೊದೆಸಿದೆ. ಹಸಿವಾದೀತು ಎಂದು ಪಕ್ಕದಲ್ಲಿ ಅನ್ನವನ್ನೂ ಇಟ್ಟೆ. ಅನ್ನಕ್ಕೆ ಕಾಗೆ ಬಂತು. ಕಾಗೆ ಅನ್ನವನ್ನೂ ತಿಂದಿತು, ಮೊಟ್ಟೆಗಳನ್ನೂ ತಿಂದಿತು. ಅಪ್ಪ ಪಿಕಳಾರ, ಅಮ್ಮ ಪಿಕಳಾರ ಎರಡು ದಿನ ಗಿಡದ ಸುತ್ತ ಕೂಗಿ ಹೋದವು. ಪ್ರೀತಿಯಿಂದಲೂ ಕೊಲ್ಲಬಹುದು ಎಂದು ನನಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಹಾಗಾಗಿ ಈ ಸಲ ನೋಡುವುದಷ್ಟೆ. ಅದರಲ್ಲೂ ನೇರ ನೋಡುವುದಿಲ್ಲ, ಕಣ್ಣಂಚಿನಲ್ಲಿ. ಒಂದು ವಿಷಯ ಬೇಗ ತಿಳಿಯಿತು. ಕಲ್ಲು ಗುರುಗುಟ್ಟುತ್ತಿರುವವರೆಗೆ ಹಕ್ಕಿಗೆ ನನ್ನ ಚಿಂತೆ ಇಲ್ಲ. ಕಲ್ಲು ನಿಂತಿತೋ, ಅದೂ ನಿಂತು ಕತ್ತು ತಿರುಗಿಸಿ ನನ್ನನ್ನು ನೋಡುತ್ತದೆ. ಆದ್ದರಿಂದ ಹಿಟ್ಟು ನುಣ್ಣಗಾದ ಮೇಲೂ ನಾನು ಕಲ್ಲು ತಿರುಗಿಸುತ್ತಲೇ ಇದ್ದೆ. ಆ ತಿಂಗಳು ನಮ್ಮ ದೋಸೆ ರೇಷ್ಮೆಯಂತೆ ಬಂತು ಎಂದು ಜನ ಹೊಗಳಿದರು. ಇಡ್ಲಿ ಮಾತ್ರ ಚೆಂಡಿನ ಹಾಗೆ ಪುಟಿಯುತ್ತಿತ್ತು. "ಉದ್ದು ಕೆಟ್ಟದ್ದು ಬಂದಿದೆ" ಎಂದು ಅಪ್ಪಯ್ಯ ಅಂಗಡಿಯವನನ್ನು ಬೈದರು. ಪಾಪ, ಆ ಅಂಗಡಿಯವನ ಋಣ ನನ್ನ ಮೇಲಿದೆ.

ಹೆಣ್ಣು ಹಕ್ಕಿ ಒಳಗೆ ಕಾವು ಕೂತ ದಿನಗಳು ಕಳೆದವು. ಒಂದು ಬೆಳಗ್ಗೆ ಎರಡೂ ಹಕ್ಕಿಗಳು ಕೊಕ್ಕಿನಲ್ಲಿ ಹುಳ ಹಿಡಿದು ಬರುವುದು, ಹೋಗುವುದು ಶುರುವಾಯಿತು. ತೂತಿನೊಳಗಿಂದ ಸಣ್ಣ ಸಣ್ಣ ಚಿರುಗುಟ್ಟುವಿಕೆ. ಮರಿಗಳಾಗಿವೆ ಎಂದು ಅಮ್ಮನಿಗೆ ಮಾತ್ರ ಹೇಳಿದೆ. ಅಮ್ಮ ಒಲೆ ಊದುತ್ತ "ಹೌದಾ?" ಎಂದಳು. ಅಷ್ಟೇ.

ಆಮೇಲೆ ಒಂದು ವಾರಕ್ಕೆ ಕರೆಂಟಿನವರು ಬಂದರು.

ಅಪ್ಪಯ್ಯ ಆ ದಿನಕ್ಕೆ ಕಾದಂತೆ ನನ್ನ ಮದುವೆಗೂ ಕಾದಿರಲಿಕ್ಕಿಲ್ಲ. ಮಂಗಳೂರಿಗೆ ಹೋಗಿ ಒಂದು ದೊಡ್ಡ ರೇಡಿಯೋ ಗೊತ್ತುಮಾಡಿ ಬಂದಿದ್ದರು. ಎದುರು ಬದಿಯ ಹೊಟೇಲಿನ ಮೋನಪ್ಪಣ್ಣನೂ ಒಂದು ಗೊತ್ತುಮಾಡಿದ್ದಾನೆ ಎಂದು ತಿಳಿದಾಗಿನಿಂದ ಅವರಿಗೆ ನಿದ್ದೆ ಇರಲಿಲ್ಲ. ಯಾರ ರೇಡಿಯೋ ಮೊದಲು ಹಾಡುತ್ತದೋ ಅವರ ಬೆಂಚು ತುಂಬುತ್ತದೆ. ಹುಲ್ಲಿನ ಮಾಡಿನ ಹೊಟೇಲಿಗೆ ನೇರ ತಂತಿ ಎಳೆಯುವಂತಿಲ್ಲ, ಮೊದಲು ಮನೆಯ ಕಲ್ಲಿನ ಗೋಡೆಗೆ ಕೊಟ್ಟು ಅಲ್ಲಿಂದ ಹೊಟೇಲಿಗೆ ಎಂದು ತೀರ್ಮಾನವಾಗಿತ್ತು. ಒಳಗೆ ಐದು ಬಲ್ಬಿನ ವಯರಿಂಗು ಮುಗಿದಿತ್ತು. ಹೊರಗೆ ಗೋಡೆಗೆ ಕಬ್ಬಿಣದ ಪೈಪು ಊರಿ, ತಂತಿ ಕಟ್ಟುವ ಪಿಂಗಾಣಿಯ ಕಪ್ಪು ಸಿಕ್ಕಿಸಿ, ಕಂಬದಿಂದ ತಂತಿ ಎಳೆಯುವುದೊಂದು ಬಾಕಿ.

ಓವರ್ಸಿಯರು ಮೈಸೂರು ಕಡೆಯವರು. ಅಂಗಳದಲ್ಲಿ ನಿಂತು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ ಬಹಳ ಸಂತೋಷಪಟ್ಟರು.

"ತೂತು ರೆಡಿಯಾಗೇ ಇದೆಯಲ್ರೀ! ಕರೆಕ್ಟ್ ಎತ್ತರ. ಕೊರೆಯೋ ಕೆಲಸ ಉಳೀತು. ಡೀಕಯ್ಯ, ಪೈಪ್ ತೂರಿಸಿ ಸಿಮೆಂಟ್ ಮೆತ್ತಿಬಿಡು."

ಡೀಕಯ್ಯ ಎಂದರೆ ಬೆಳ್ತಂಗಡಿ ಕಡೆಯ ವಯರ್‌ಮ್ಯಾನ್, ಮೆಲುಮಾತಿನ ಮನುಷ್ಯ. ಕರೆಂಟಿನವರ ಏಣಿ ಪೇಟೆಯ ಇನ್ನೊಂದು ತುದಿಯಲ್ಲಿತ್ತು. ಅಪ್ಪಯ್ಯ ಉತ್ಸಾಹದಿಂದ ನಮ್ಮ ಬಿದಿರಿನ ಏಣಿಯನ್ನೇ ತಂದು ಗೋಡೆಗೆ ಒರಗಿಸಿದರು. ನಾನು ಕಲ್ಲು ನಿಲ್ಲಿಸಿ ಎದ್ದು ಬಂದೆ. ಎರಡೂ ಕೈಗೆ ಮೊಣಕೈವರೆಗೆ ಹಿಟ್ಟು.

"ಅದರಲ್ಲಿ ಹಕ್ಕಿ ಮರಿಗಳು ಉಂಟು" ಎಂದೆ.

"ಅದಕ್ಕೇನಮ್ಮ? ತೆಗೆದು ಬೇರೆ ಕಡೆ ಇಟ್ಟರಾಯ್ತು" ಎಂದರು ಓವರ್ಸಿಯರು.

"ಬೇರೆ ಕಡೆ ಇಟ್ಟರೆ ಬದುಕುವುದಿಲ್ಲ."

"ನಿನಗೆ ಹೇಗೆ ಗೊತ್ತು?"

"ನಾನು ಒಮ್ಮೆ ಕೊಂದಿದ್ದೇನೆ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಅಪ್ಪಯ್ಯನ ಮುಖ ನೋಡಿದರು. ಅಪ್ಪಯ್ಯ ನಕ್ಕರು. ಗಿರಾಕಿಗಳ ಮುಂದೆ ನಗುವ ನಗು. "ಮಕ್ಕಳ ಮಾತು, ನೀವು ಕೆಲಸ ಮಾಡಿ ಸಾರ್" ಎಂದರು. ಡೀಕಯ್ಯ ಏಣಿಯ ಕಡೆ ಹೆಜ್ಜೆ ಹಾಕಿದ. ಅವನಿಗಿಂತ ಮೊದಲು ನಾನು ಹೋಗಿ ಏಣಿಯ ಎರಡನೆಯ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಅದಕ್ಕಿಂತ ಮೇಲೆ ಹತ್ತಿದರೆ ಮರಿಗಳು ಹೆದರುತ್ತವೆ ಎಂಬ ಲೆಕ್ಕ ಆಗಲೂ ತಲೆಯಲ್ಲಿತ್ತು.

"ಇಳಿ" ಎಂದರು ಅಪ್ಪಯ್ಯ. ನಗು ಇನ್ನೂ ಮುಖದಲ್ಲಿತ್ತು, ಮಾತಿನಲ್ಲಿ ಇರಲಿಲ್ಲ.

"ಇಳಿಯುವುದಿಲ್ಲ."

"ಜನ ನೋಡ್ತಾರೆ, ಇಳಿ."

"ನೋಡಲಿ. ಇನ್ನು ಎಂಟು ದಿನ ಕಳೆದರೆ ಮರಿಗಳು ಹಾರಿ ಹೋಗ್ತವೆ. ಆಮೇಲೆ ಇವರು ಬರಲಿ. ನಾನೇ ಏಣಿ ಹಿಡಿತೇನೆ."

ಓವರ್ಸಿಯರ ತಾಳ್ಮೆ ಮುಗಿಯುತ್ತ ಬಂದಿತ್ತು. "ನಾಳೆ ನಾವು ಬೆಳ್ತಂಗಡಿ ಲೈನಿಗೆ ಹೋಗ್ತೀವಿ. ಅಲ್ಲಿಂದ ಮುಂಡಾಜೆ. ಈ ಕಡೆ ಮತ್ತೆ ಯಾವಾಗ ಬರ್ತೀವೋ ಹೇಳಕ್ಕಾಗಲ್ಲ. ಇವತ್ತು ಸಂಜೆ ಲೈನ್ ಚಾರ್ಜ್ ಮಾಡಿ ಕರೆಂಟ್ ಬಿಡ್ಬೇಕು. ಹಾಕ್ಸೋದಾದ್ರೆ ಈಗ ಹಾಕ್ಸಿ, ಇಲ್ಲಾಂದ್ರೆ ಬಿಡಿ."

"ಬೇರೆ ತೂತು ಕೊರೆಯಿರಿ" ಎಂದೆ ನಾನು.

"ಈ ಕಲ್ಲಲ್ಲಿ? ಅರ್ಧ ದಿನ ಬೇಕು ಕಣಮ್ಮ!"

ಅಷ್ಟರಲ್ಲಿ ಪುತ್ತೂರಿನ ಬಸ್ಸು ಬಂದು ನಿಂತಿತ್ತು. ಇಳಿದವರಿಗೆ ಚಾದ ಜೊತೆ ಒಂದು ನಾಟಕವೂ ಸಿಕ್ಕಿತು. ಇಪ್ಪತ್ತು ಮೂವತ್ತು ಜನ ಹೊಟೇಲಿನ ಪಕ್ಕದಿಂದ ಅಂಗಳಕ್ಕೆ ನುಗ್ಗಿದರು. ಲಂಗ ಉಟ್ಟ ದೊಡ್ಡ ಹುಡುಗಿ, ಮೈಯೆಲ್ಲ ಹಿಟ್ಟು, ಏಣಿಯ ಮೇಲೆ ಕೂತಿದ್ದಾಳೆ. "ಎಂಚಿ ಸಾವು ಮಾರ್ರೆ ಉಂದು", ಇದೆಂಥ ಪೀಡೆ ಎಂದು ಒಬ್ಬರು ತುಳುವಿನಲ್ಲಿ ಅಂದರು. "ಹೈಸ್ಕೂಲಿಗೆ ಕಳಿಸಿದ್ದಲ್ವಾ, ಅನುಭವಿಸಲಿ" ಎಂದರು ಇನ್ನೊಬ್ಬರು. ಮೋನಪ್ಪಣ್ಣನೂ ರಸ್ತೆ ದಾಟಿ ಬಂದು ಎರಡು ಕೈ ಬೆನ್ನಿಗೆ ಕಟ್ಟಿ ಬಹಳ ಮರುಕದಿಂದ ನಿಂತಿದ್ದ. ಆ ಮರುಕ ನೋಡಿ ಅಪ್ಪಯ್ಯನ ಕಿವಿ ಕೆಂಪಾಯಿತು. ಅವರು ನನ್ನ ರಟ್ಟೆ ಹಿಡಿದು ಎಳೆದರು. ನಾನು ಏಣಿಯ ಬಿದಿರನ್ನು ಅಪ್ಪಿಕೊಂಡೆ. ನಿಜ ಹೇಳುತ್ತೇನೆ, ನನಗೆ ಅಳು ಬರುತ್ತಿತ್ತು. ಧೈರ್ಯ ಅಂತೇನೂ ಇರಲಿಲ್ಲ. ಇಳಿಯಬಾರದು ಎಂಬುದೊಂದೇ ಗೊತ್ತಿತ್ತು.

ಆಗ ಅಮ್ಮ ಅಡಿಗೆ ಕೋಣೆಯಿಂದ ಹೊರಗೆ ಬಂದಳು.

ಅಮ್ಮ ಗಿರಾಕಿಗಳ ಮುಂದೆ ಬಂದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಹೊಟೇಲಿನ ಎಲ್ಲ ತಿಂಡಿ ಅವಳ ಕೈಯದ್ದೇ, ಆದರೆ ತಿನ್ನುವವರಿಗೆ ಅವಳ ಮುಖದ ಪರಿಚಯ ಇರಲಿಲ್ಲ. ಸೆರಗಿಗೆ ಕೈ ಒರೆಸುತ್ತ ಬಂದು ಏಣಿಯನ್ನು ಮುಟ್ಟಿ ಹೇಳಿದಳು:

"ಈ ಏಣಿ ನಮ್ಮದು."

ಯಾರಿಗೂ ಅರ್ಥವಾಗಲಿಲ್ಲ. ಅಪ್ಪಯ್ಯ, "ನೀನು ಒಳಗೆ ಹೋಗು" ಎಂದರು.

"ಹೋಗ್ತೇನೆ. ಏಣಿ ತೆಕ್ಕೊಂಡು ಹೋಗ್ತೇನೆ. ಅವರ ಕೆಲಸಕ್ಕೆ ಅವರ ಏಣಿ ತರಲಿ." ಆಮೇಲೆ ನನ್ನ ಕಡೆ ತಿರುಗಿ, "ಇಳಿ ಮಗಾ, ಆ ಕಡೆ ಹಿಡಿ" ಎಂದಳು.

ನಾನು ಇಳಿದೆ. ಅಮ್ಮ ಮುಂದೆ, ನಾನು ಹಿಂದೆ, ಏಣಿಯನ್ನು ಹೊತ್ತು ಅಷ್ಟು ಜನರ ನಡುವಿನಿಂದ ಅಡಿಗೆ ಕೋಣೆಗೆ ಹೋದೆವು. ಏಣಿ ಕೋಣೆಗಿಂತ ಉದ್ದ. ಅರ್ಧ ಬಾಗಿಲಿನಿಂದ ಹೊರಗೆ ಚಾಚಿಕೊಂಡಿತ್ತು. ಅಮ್ಮ ಒಳಗಿನ ತುದಿಯ ಮೇಲೆ ಕೂತು ಏನೂ ಆಗದವರ ಹಾಗೆ ತೆಂಗಿನಕಾಯಿ ತುರಿಯತೊಡಗಿದಳು.

ನಾನು ಬಾಗಿಲಿಗೆ ಬಂದು ಹೊರಗೆ ನೋಡಿದೆ. ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹೆಣ್ಣು ಹಕ್ಕಿ ಕೂತಿತ್ತು. ಕೊಕ್ಕಿನಲ್ಲಿ ಮಿಡತೆ. ಎಷ್ಟು ಹೊತ್ತಿನಿಂದ ಕೂತಿತ್ತೋ. ತೂತಿನ ಕಡೆ ಹಾರುವುದು, ಜನರನ್ನು ಕಂಡು ಅರ್ಧದಿಂದ ಹಿಂದೆ ಬರುವುದು, ಮತ್ತೆ ಹಾರುವುದು. ಆಗ ನನ್ನ ಜಂಬವೆಲ್ಲ ಇಳಿದುಹೋಯಿತು. ಗೂಡಿಗೆ ತೊಂದರೆಯಾಗಬಾರದು ಎಂದು ಏಣಿ ಏರಿದವಳು ನಾನು. ಆ ಜಾತ್ರೆ ಸೇರಿಸಿ ಮರಿಗಳನ್ನು ಉಪವಾಸ ಹಾಕಿದವಳೂ ನಾನೇ.

ಅಪ್ಪಯ್ಯ ನನ್ನನ್ನು ಹೊಡೆಯುವಷ್ಟು ಸಿಟ್ಟಿನಲ್ಲಿ ನೋಡುತ್ತಿದ್ದರು. ನಾನು ನೋಡುತ್ತಿದ್ದ ಕಡೆ ಅವರ ಕಣ್ಣೂ ಹೋಯಿತು. ಹಗ್ಗ, ಹಕ್ಕಿ, ಮಿಡತೆ. ಆಮೇಲೆ ಕೈ ತಟ್ಟಿ, ಬಸ್ಸಿನ ಸದ್ದನ್ನೂ ಮೀರಿಸುವ ಆ ಹೊಟೇಲಿನ ಸ್ವರದಲ್ಲಿ ಕೂಗಿದರು:

"ಬನ್ನಿ ಬನ್ನಿ, ಎಲ್ಲ ಒಳಗೆ ಬನ್ನಿ! ಬಜೆ ಬಿಸಿ ಉಂಟು, ಬಸ್ಸು ಹೊರಡ್ತದೆ! ಇಲ್ಲಿ ಎಂಥ ಉಂಟು ನೋಡ್ಲಿಕ್ಕೆ?"

ಅಂಗಳ ಖಾಲಿಯಾಯಿತು. ಓವರ್ಸಿಯರು "ಏನ್ ಜನಾನಪ್ಪಾ" ಎಂದು ತಲೆ ಕೊಡವಿ ಹೊರಟರು. ಹಕ್ಕಿ ತೂತಿಗೆ ಹೋಯಿತು.

ಅಲ್ಲಿಗೆ ಎಲ್ಲ ಸುಖವಾಯಿತು ಎಂದುಕೊಳ್ಳಬೇಡಿ. ಆ ಸಂಜೆ ಪೇಟೆ ಬೆಳಗಿತು. ಜನ ಬಲ್ಬಿನ ಕೆಳಗೆ ನಿಂತು ತಮ್ಮ ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಮೋನಪ್ಪಣ್ಣನ ರೇಡಿಯೋ ವಾರದೊಳಗೆ ಬಂದು ರಸ್ತೆಗೆಲ್ಲ ಕೇಳುವಂತೆ ಹಾಡಿತು. ನಮ್ಮ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಅಪ್ಪಯ್ಯ ಗ್ಯಾಸ್‌ಲೈಟಿಗೆ ಗಾಳಿ ಹೊಡೆಯುತ್ತ ಆ ಹಾಡು ಕೇಳಿಸದವರಂತೆ ಮುಖ ಮಾಡುತ್ತಿದ್ದರು. ನನ್ನೊಂದಿಗೆ ಮಾತು ಬಿಟ್ಟರು. ಏನಾದರೂ ಬೇಕಾದರೆ ಗೋಡೆಗೆ ಹೇಳುತ್ತಿದ್ದರು: "ಹಿಟ್ಟು ಆಯಿತಾ ಅಂತ ಯಾರಾದರೂ ಹೇಳಬಹುದು." ನಾನೂ ಗೋಡೆಗೇ ಉತ್ತರ ಕೊಡುತ್ತಿದ್ದೆ.

ಒಂದು ದಿನ ಅಮ್ಮನನ್ನು ಕೇಳಿದೆ, "ನಿನಗೂ ಹಕ್ಕಿ ಅಂದರೆ ಅಷ್ಟು ಇಷ್ಟವಾ?"

ಅಮ್ಮ ಮಾಡುತ್ತಿದ್ದ ಕೆಲಸ ನಿಲ್ಲಿಸದೆ ಹೇಳಿದಳು: "ಅಪ್ಪಯ್ಯನಿಗೆ ರೇಡಿಯೋ ಬೇಕಿತ್ತು, ನಿನಗೆ ಹಕ್ಕಿ ಬೇಕಿತ್ತು. ನನಗೆ ಏನು ಬೇಕು ಅಂತ ಈ ಮನೆಯಲ್ಲಿ ಯಾರಾದರೂ ಕೇಳಿದ್ದುಂಟಾ? ಆ ದಿನ ನನಗೆ 'ಇಲ್ಲ' ಅಂತ ಒಮ್ಮೆ ಹೇಳಬೇಕು ಅನಿಸಿತು. ಹೇಳಿದೆ. ಒಳ್ಳೆದಾಯಿತು."

ನಾನು ಎಷ್ಟೋ ಪುಸ್ತಕ ಓದಿದ್ದೇನೆ. ಇಷ್ಟು ಚೊಕ್ಕವಾಗಿ ಯಾರೂ ಬರೆದದ್ದನ್ನು ಕಾಣೆ.

ಮರಿಗಳು ಮೂರು. ನಾನು ಹೇಳಿದ ಎಂಟನೆಯ ದಿನಕ್ಕಲ್ಲ, ಒಂಬತ್ತನೆಯ ದಿನ ಹೊರಟವು. ಮೊದಲನೆಯದು ತೂತಿನ ಅಂಚಿನಲ್ಲಿ ಬಹಳ ಹೊತ್ತು ಯೋಚಿಸಿ ಬಟ್ಟೆಯ ಹಗ್ಗಕ್ಕೆ ಹಾರಿತು. ಎರಡನೆಯದು ಯೋಚಿಸದೆ ಹಾರಿ ಹೊಟೇಲಿನ ಮಾಡಿನ ಮೇಲೆ ಬಿತ್ತು, ಬಿದ್ದಲ್ಲಿಂದ ಎದ್ದು ಹೋಯಿತು. ಮೂರನೆಯದು ಅಂಗಳಕ್ಕೆ ಬಿತ್ತು. ನಾನು ಕಲ್ಲು ಬಿಟ್ಟು ಏಳುವುದರೊಳಗೆ ಹೊಟೇಲಿನ ಬೆಕ್ಕು ಅದನ್ನು ಕಚ್ಚಿಕೊಂಡು ಓಡಿತು.

ಸುದ್ದಿ ಕೇಳಿದವರು ನಕ್ಕರು. "ಎರಡು ಹಕ್ಕಿಗೋಸ್ಕರ ಐದು ಬಲ್ಬು ಬಿಟ್ಟಳು" ಎಂದು ನನ್ನನ್ನು ಕಂಡಲ್ಲೆಲ್ಲ ಹೇಳಿದರು. ಶಾಲೆ ಶುರುವಾದ ಮೇಲೆ ಚಿಮಿಣಿ ದೀಪದಲ್ಲಿ ಓದಿ ಓದಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾದೆ. ಬೆಳಕಿದ್ದರೂ ಫೇಲಾಗುತ್ತಿದ್ದೆ ಎನ್ನುವುದು ಬೇರೆ ಮಾತು, ಆದರೆ ಅದನ್ನು ನಾನು ಯಾಕೆ ಹೇಳಲಿ? ಎರಡು ಹಕ್ಕಿ ಎಂದರೆ ಸಾಲದೇ? ಒಂದಾಗಿದ್ದರೂ ಕೂರುತ್ತಿದ್ದೆ. ಮೂರನ್ನೂ ಬೆಕ್ಕು ತಿಂದಿದ್ದರೂ, ಏಣಿಯ ಮೇಲೆ ಕೂತದ್ದು ಸರಿಯೇ ಎನ್ನುತ್ತಿದ್ದೆ. ಬೆಕ್ಕು ಮಾಡಿದ್ದು ಬೆಕ್ಕಿನ ಕೆಲಸ, ಸಿಮೆಂಟು ಹಾಕುವುದು ನಮ್ಮ ಕೆಲಸವಾಗಬಾರದಿತ್ತು.

ಮಳೆ ಮುಗಿದು ನವರಾತ್ರಿಯ ಹೊತ್ತಿಗೆ ಕರೆಂಟಿನವರು ಮತ್ತೆ ಬಂದರು. ಅದೇ ಓವರ್ಸಿಯರು, ಅದೇ ಡೀಕಯ್ಯ. ಈ ಸಲ ಅವರೇ ಏಣಿ ತಂದಿದ್ದರು. ಓವರ್ಸಿಯರು ಅಂಗಳಕ್ಕೆ ಕಾಲಿಟ್ಟು ಗೋಡೆ ನೋಡಿ ನಕ್ಕು ಕೇಳಿದರು:

"ಏನ್ರೀ, ನಿಮ್ಮ ಹಕ್ಕಿ ಸಂಸಾರ ಹೋಯ್ತಾ? ತೂತು ಖಾಲಿ ಇದೆಯಲ್ಲ. ಹಾಕಿಬಿಡೋಣ?"

ನಾನು ಜಗಲಿಯಲ್ಲಿ ಕಲ್ಲಿನ ಮುಂದೆ ಕೂತಿದ್ದೆ. ಮರಿಗಳಿಲ್ಲದ ತೂತಿಗೆ ನನ್ನ ತಕರಾರು ಇರಲಿಲ್ಲ. ಏಣಿ ಹಿಡಿಯುತ್ತೇನೆ ಎಂದು ನಾನೇ ಮಾತು ಕೊಟ್ಟದ್ದೂ ಉಂಟಲ್ಲ.

ಅಪ್ಪಯ್ಯ ಹೆಗಲಿನ ಬೈರಾಸು ತೆಗೆದು ಕೈ ಒರೆಸಿಕೊಂಡರು.

"ಅದು ಬೇಡ ಸಾರ್. ಬೇರೆ ಕೊರೆಯಿರಿ."

"ಖಾಲಿ ಇದೆಯಲ್ರೀ!"

"ಖಾಲಿ ಉಂಟು. ಆದರೂ ಬೇಡ."

"ಅರ್ಧ ದಿನ ಹಿಡಿಯುತ್ತೆ ಈ ಕಲ್ಲಿಗೆ."

"ಐದು ತಿಂಗಳು ಕಾದಿದ್ದೇವೆ, ಅರ್ಧ ದಿನ ಎಷ್ಟರ ಮಹಾ?" ಎಂದು ಅಪ್ಪಯ್ಯ ಒಳಗೆ ತಿರುಗಿ ಕೂಗಿದರು, "ಡೀಕಯ್ಯನಿಗೆ ಚಾ ಕೊಡಿ! ಕಲ್ಲು ಗಟ್ಟಿ ಉಂಟು, ಹಸಿವಾಗ್ತದೆ."

ಡೀಕಯ್ಯ ಏಣಿ ಹತ್ತಿ ಆ ತೂತಿನಿಂದ ಎರಡು ಮಾರು ದೂರದಲ್ಲಿ ಉಳಿ ಹಿಡಿದು ಬಡಿಯತೊಡಗಿದ. ಕರಿಗಲ್ಲಿನಿಂದ ಕಿಡಿ ಹಾರುತ್ತಿತ್ತು. ಅಪ್ಪಯ್ಯ ಏಣಿಯ ಬುಡ ಹಿಡಿದು ನಿಂತಿದ್ದರು. ಬಹಳ ಹೊತ್ತು ಹಾಗೇ ನಿಂತಿದ್ದು, ಕೊನೆಗೆ ಕತ್ತು ತಿರುಗಿಸಿ, ಐದು ತಿಂಗಳಲ್ಲಿ ಮೊದಲ ಸಲ ಗೋಡೆಯನ್ನು ಬಿಟ್ಟು ನೇರ ನನ್ನನ್ನೇ ನೋಡಿ ಕೇಳಿದರು:

"ಎಂಥ ಸುಮ್ಮನೆ ಕೂತದ್ದು? ನನಗೆ ಕೈ ಸೋಲುವುದಿಲ್ವಾ? ಬಾ, ಆ ಕಡೆ ಹಿಡಿ."